ಶೇವಂತಿ ಬೆಲ್ಲ ತಿಂದರೆ ಮಾತ್ರ ಮೆರವಣಿಗೆ

ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರೂ ಕಡೆ, ಜರಿ ರುಮಾಲು ಸುತ್ತಿ, ಬಾಸಿಂಗ ಕಟ್ಟಿಕೊಂಡು, ಬೆವರು ಸುರಿಸುತ್ತ ನಡೆದುಕೊಂಡೇ ಮದುವೆಗೆ ಹೋದ ವರ ಯಾರಾದರೂ ನಿಮಗೆ ಸಿಕ್ಕರೆ, ಅವನೆದುರು ನಮ್ಮ ಕಾಕಾನ ಸುದ್ದಿ ತೆಗೆಯಬೇಡಿ. ಹೊಡೆದಾನು! ಆ ವರರಲ್ಲಿ ನಾನೂ ಒಬ್ಬ. ಸ್ವಂತ ಅಣ್ಣನ ಮಗ ಎಂಬ ಕರುಣೆಯೂ ಆ ಮನುಷ್ಯನಿಗಿರಲಿಲ್ಲ.

ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ಕಾಕಾನ ಉದ್ಯೋಗ. ಕುದುರೆ ಎಂದರೆ ಇದ್ದದ್ದೇ ಒಂದು, ಶೇವಂತಿ ಎಂಬ ಬಿಳಿ ಹೆಣ್ಣು ಕುದುರೆ. ಎಲ್ಲ ಕಡೆ ಮದುವೆಯವರು ಬಂದು ಕುದುರೆ ನೋಡಿದರೆ, ನಮ್ಮಲ್ಲಿ ಕುದುರೆಯೇ ವರನನ್ನು ನೋಡುತ್ತಿತ್ತು! ವರ ತನ್ನ ಕೈಯಿಂದ ಶೇವಂತಿಗೆ ಬೆಲ್ಲದ ಹೆಂಟೆ ಕೊಡಬೇಕು. ತಿಂದಳೋ, ಹತ್ತು. ಮುಖ ತಿರುವಿದಳೋ, ನಡಿ.

ಹುಕ್ಕೇರಿಯಲ್ಲಿ ನನ್ನ ಮದುವೆಯ ದಿನ ಗೆಳೆಯರು ನನ್ನ ಅಂಗೈಗೆಲ್ಲ ಅತ್ತರು ಬಳಿದಿದ್ದರು. ಶೇವಂತಿ ಮೂಸಿದಳು, ಮುಖ ತಿರುವಿದಳು. ಬ್ಯಾಂಡಿನವರು ಊದುವುದನ್ನು ಬಿಟ್ಟು ನಗತೊಡಗಿದರು.

"ಕಾಕಾ, ನೀನ ಒಂದ ತುಣುಕ ತಿನಸಬಾರ್ದೇನು?" ಎಂದು ಅಂಗಲಾಚಿದೆ.

"ನನ್ನ ಕೈಯಾಗ ವಿಷಾ ಇದ್ರೂ ತಿಂತಾಳ ಆಕಿ. ಅದಕ್ಕ ನಾ ತಿನಸೂದಿಲ್ಲ. ಆಕಿ ಒಲ್ಲೆ ಅಂದ್ರ ಮುಗೀತು. ನಡಿ, ಕಾಲ ಅದಾವಲ್ಲ ನಿನಗ?"

ನಡೆದೆ! ನನ್ನ ಹೆಂಡತಿ ಸಿಟ್ಟು ಬಂದಾಗಲೆಲ್ಲ ಇಂದಿಗೂ ಅನ್ನುತ್ತಾಳೆ: "ಕುದುರಿಗೆ ತಿಳದದ್ದು ನನಗ ತಿಳೀಲಿಲ್ಲ ನೋಡ್ರಿ."

ನಮಗೆ ಮಕ್ಕಳಾಗಿ, ಅವು ಓಡಾಡುವ ಹೊತ್ತಿಗೆ ಬಂತು ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ. ಹೆದ್ದಾರಿ ಕಡೆಯ ಊರೊಂದರಲ್ಲಿ ಕಾಣಿಸಿಕೊಂಡಿತಂತೆ. ಮನುಷ್ಯರಿಗೂ ಅಂಟುತ್ತದೆ. ರಕ್ತದಲ್ಲಿ ಸಿಕ್ಕಿತೆಂದರೆ ಕುದುರೆಗೆ ಔಷಧವಿಲ್ಲ, ಕೊಲ್ಲುವುದೇ ಕಾನೂನು. ಮೆರವಣಿಗೆ ಬಂದ್, ಕುದುರೆ ಗಾಡಿ ಶರ್ಯತ್ತಿನ ಓಟ ಬಂದ್. ಲಾಳ ಬಡಿಯುವವರು, ಜೀನು ಹೊಲಿಯುವವರು ಕೈಕಟ್ಟಿ ಕೂತರು. ವರರು ಜೀಪು ಹತ್ತಿದರು. ಜೀಪಿಗೆ ಬೆಲ್ಲ ತಿನ್ನಿಸುವ ಗೋಜಿಲ್ಲವಲ್ಲ!

ಎಲ್ಲ ಕುದುರೆಗಳ ರಕ್ತ ತಪಾಸಣೆ ಎಂದು ಸರಕಾರದವರು ಹೇಳಿದ ಕೂಡಲೇ ಜಾಣರೆಲ್ಲ ಏನು ಮಾಡಿದರು ಗೊತ್ತೇ? ಧುಪದಾಳದ ಕಡೆ ಕಬ್ಬಿನೊಳಗೆ ಕುದುರೆ ಬಚ್ಚಿಟ್ಟು, "ಮಾರಿಬಿಟ್ಟೇವ್ರಿ ಸಾಹೇಬ್ರ" ಎಂದು ಹಲ್ಲು ಕಿರಿದರು. ಕಾಕಾನಿಗೂ ನಾನು ಅದನ್ನೇ ಹೇಳಿಕೊಟ್ಟೆ.

"ಕಳವು ಮಾಡ್ಯಾಳೇನ್ಲೇ ಆಕಿ, ಕಬ್ಬಿನ್ಯಾಗ ಅಡಗಾಕ?"

ಮರುದಿನ ಶೇವಂತಿಗೆ ಜರಿಯ ಜೂಲು ಹೊದಿಸಿ, ಗೆಜ್ಜೆ ಕಟ್ಟಿ, ಕೆಲಸವಿಲ್ಲದೆ ಕೂತಿದ್ದ ಬ್ಯಾಂಡಿನವರನ್ನು ಎಬ್ಬಿಸಿಕೊಂಡು, ಪಶು ಆಸ್ಪತ್ರೆಯವರೆಗೆ ಮೆರವಣಿಗೆ! ರಕ್ತ ಕೊಡಲಿಕ್ಕೆ ಬ್ಯಾಂಡ್ ಹಚ್ಚಿಕೊಂಡು ಹೋದ ಪುಣ್ಯಾತ್ಮನನ್ನು ನೀವೆಲ್ಲಾದರೂ ಕಂಡಿದ್ದೀರಾ? ಆಸ್ಪತ್ರೆಯ ಬಾಗಿಲಲ್ಲಿ ಶೇವಂತಿ ಮನಸಾರೆ ಕುಣಿದಳು.

"ನೋಡ್ರಿ ಡಾಕ್ಟರ, ರೋಗ ಇದ್ದದ್ದು ಹಿಂಗ ಕುಣೀತೈತೇನ್ರಿ?"

ಕೆಲವು ದಿನಗಳ ಮೇಲೆ ವರದಿ ಬಂತು. ರೋಗ ಇದೆ. ಕಾಕಾ ನಕ್ಕುಬಿಟ್ಟ. ಮತ್ತೆ ರಕ್ತ ತೆಗೆದರು, ಮತ್ತೆ ಅದೇ ಉತ್ತರ. ಆ ಸಲ ನಗಲಿಲ್ಲ. ಅವಳ ಮೂಗು ಸುರಿದಿರಲಿಲ್ಲ, ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅತ್ತ ಕಬ್ಬಿನೊಳಗಿನ ಕುದುರೆಗಳು ಹಾಯಾಗಿ ರವದಿ-ಸೋಗೆ ಮೇಯುತ್ತಿದ್ದವು. ಮುಚ್ಚಿಟ್ಟವರದು ಉಳಿಯಿತು, ವಾದ್ಯ ಹಚ್ಚಿ ಒಪ್ಪಿಸಿದವನದು ಹೋಯಿತು. ಕಾಕಾ ಹುಚ್ಚ ಎಂದು ಊರು ಮತ್ತೊಮ್ಮೆ ನಕ್ಕಿತು. ನಗಲಿ, ಅವರಿಗೇನು!

ಹೊಲದ ಮೂಲೆಯಲ್ಲಿ ಜೆಸಿಬಿ ಗುಂಡಿ ತೋಡಿತು. ಸುಣ್ಣದ ಚೀಲಗಳು ಬಂದವು. ಡಾಕ್ಟರು ಮೈತುಂಬ ಬಿಳಿ ಉಡುಪು, ಕೈಗವಸು ಹಾಕಿಕೊಂಡು ಬಂದರು. ಒಳ್ಳೆಯ ಮನುಷ್ಯ, ನಮ್ಮ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ಕಾಕಾ ಅವರ ಕೈಯಲ್ಲಿ ಬೆಲ್ಲದ ಹೆಂಟೆ ಇಟ್ಟ.

"ಕೊಡ್ರಿ. ತಿಂದ್ರ ಕರಕೊಂಡ ಹೋಗ್ರಿ. ತಿನ್ನಲಿಲ್ಲಂದ್ರ ಎಲ್ಲಾರೂ ನಿಮ್ಮ ನಿಮ್ಮ ಹಾದಿ ಹಿಡೀರಿ."

ಶೇವಂತಿ ರಬ್ಬರಿನ ಕೈಗವಸನ್ನು ಮೂಸಿದಳು, ಮುಖ ತಿರುವಿದಳು. ಹುಕ್ಕೇರಿಯಲ್ಲಿ ನನ್ನ ಮಾನ ಕಳೆದ ಆ ತಿರುವಿದ ಮುಖಕ್ಕೆ ಅಂದು ಕೈಮುಗಿಯಬೇಕೆನಿಸಿತು ನನಗೆ. ಡಾಕ್ಟರು ಮತ್ತೆ ಕೈ ಚಾಚಿದರು. ಒಲ್ಲೆ. ಮತ್ತೊಮ್ಮೆ. ಒಲ್ಲೆ!

"ಯಜಮಾನ್ರ," ಡಾಕ್ಟರು ಚಾಚಿದ ಕೈ ಇಳಿಸಿದರು, "ನಿಮ್ಮ ಮನ್ಯಾಗ ಸಣ್ಣ ಮಕ್ಕಳ ಅದಾರ್ರಿ."

ನನ್ನ ಮಕ್ಕಳು. ದಿನಾ ಅವಳ ಕಾಲ ಸಂದಿಯಲ್ಲೇ ಆಡುತ್ತಿದ್ದವರು. ಕಾಕಾ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಡಾಕ್ಟರ ಕೈಯಿಂದ ಬೆಲ್ಲ ತೆಗೆದುಕೊಂಡ.

"ಬರಿಗೈಲೆ ಮುಟ್ಟಬ್ಯಾಡ್ರಿ, ಅಂಟತೈತಿ!" ಎಂದು ಡಾಕ್ಟರು ಕೂಗಿದರು.

ಕಾಕಾ ಕೇಳಲಿಲ್ಲ. ಯಾವ ವರನಿಗೂ, ಅಣ್ಣನ ಮಗನಿಗೂ ಮಾಡದಿದ್ದ ಕೆಲಸವನ್ನು ಮಾಡಿದ. ತನ್ನ ಅಂಗೈಯನ್ನು ಅವಳ ಬಾಯಿಗೆ ಹಿಡಿದ.

ಶೇವಂತಿ ಮೂಸಿ ಕೂಡ ನೋಡಲಿಲ್ಲ. ತಿಂದಳು. ತಿಂದು, ಅವನ ಅಂಗೈಯನ್ನೂ ನೆಕ್ಕಿದಳು.