ಬಿಡುವಿನ ಐದು ನಿಮಿಷದ ವಿದ್ಯೆ

ಬಿಡುವು ಸಿಕ್ಕಿತೆಂದು ನಾನು ಏನಾದರೂ ಕಲಿಯಲು ಹೊರಟರೆ ಸಾಕು, ಸುತ್ತಲಿದ್ದವರಿಗೆ ನಗಲು ಒಂದು ಕಾರಣ ಸಿಕ್ಕೇ ಸಿಗುತ್ತದೆ. ಯಾಕೆ ಹೀಗೆ ಅಂತ ನನಗೂ ಗೊತ್ತಿಲ್ಲ.

ಮಡಿಕೇರಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರಿನ ಚೀಟಿ ಬರೆದು ಕೊಡುವ ಕೆಲಸ ನನ್ನದು. ಗಾಳಿಬೀಡಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂದು ದಿನ ಡಾಕ್ಟರು ಫೋನಿನಲ್ಲಿ ಯಾರಿಗೋ, "ಮುಂದೆ ಕೂರಲಿಕ್ಕೆ ಇಂಗ್ಲಿಷು, ಮಲಯಾಳ ಎರಡೂ ಬರುವ ಹುಡುಗಿ ಇದ್ದರೆ ಹೇಳಿ" ಅನ್ನುವುದು ಕಿವಿಗೆ ಬಿತ್ತು. ಮುಂದೆ ಕೂರುವವಳು ನಾನೇ! ಎರಡನ್ನೂ ಕಲಿತೇ ತೀರುವುದು ಅಂತ ಅವತ್ತೇ ತೀರ್ಮಾನಿಸಿದೆ.

ಕಲಿಯಬೇಕು ಸರಿ, ಸಮಯ ಎಲ್ಲಿದೆ? ಬೆಳಿಗ್ಗೆ ಹಸು, ಅಡುಗೆ, ಮಕ್ಕಳ ಡಬ್ಬಿ. ಸಂಜೆ ಮತ್ತೆ ಹಸು, ಮತ್ತೆ ಅಡುಗೆ. ಬಸ್ಸು ಬರುವ ತನಕ, ಅನ್ನ ಬೇಯುವ ತನಕ ಅಂತ ಚೂರುಪಾರು ಹೊತ್ತು ಸಿಗುತ್ತದಲ್ಲ, ಅದನ್ನೇ ಹೆಕ್ಕಲು ಶುರುಮಾಡಿದೆ. ಕೈಯಲ್ಲಿ ಸೌಟು, ಕಿವಿಯಲ್ಲಿ ಪಾಠ.

"ಎಂತ ಮಾರಾಯ್ತಿ, ನೀನೂ ಕೂರುವುದಿಲ್ಲ, ನಮ್ಮನ್ನೂ ಕೂರಲು ಬಿಡುವುದಿಲ್ಲ" ಅಂದರು ಗಂಡ.

ಬಸ್ಸಿನ ಇಂಗ್ಲಿಷು

ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲಿಷ್ ಪಾಠ ಕೇಳುತ್ತಿದ್ದೆ. ಪಾಠದ ಹೆಂಗಸು ಒಂದೊಂದು ವಾಕ್ಯ ಹೇಳಿ, ನನ್ನ ಜೊತೆ ಹೇಳಿ ಅನ್ನುತ್ತಾಳೆ. ನಾನು ಮೆಲ್ಲಗೆ ಗುನುಗುತ್ತಿದ್ದೆ. ಮೆಲ್ಲಗೆ ಅಂತ ನಾನು ತಿಳಿದುಕೊಂಡಿದ್ದೆ, ಅಷ್ಟೆ.

ಅವತ್ತಿನ ಪಾಠ ಪ್ರಯಾಣದ್ದು. "ಸ್ಟಾಪ್ ದಿ ಬಸ್! ಐ ವಾಂಟ್ ಟು ಗೆಟ್ ಡೌನ್ ಹಿಯರ್!"

ಸಿಳ್ಳೆ ಬಿತ್ತು, ಬಸ್ಸು ನಿಂತಿತು. ಒಂದು ಮನೆಯೂ ಇಲ್ಲದ ತಿರುವು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಕಂಡಕ್ಟರು ಬಾಗಿಲು ತೆರೆದು, "ಇಳೀರಿ ಅಕ್ಕ, ಬೇಗ" ಅಂದ.

ಪಾಠ ಹೇಳಿಕೊಳ್ಳುತ್ತಿದ್ದೆ ಅನ್ನಲು ನಾಚಿಕೆ. ಅಲ್ಲೇ ಕೆಲಸ ಇರುವವಳ ಹಾಗೆ ಮುಖ ಮಾಡಿಕೊಂಡು ಇಳಿದೆ. ಬಸ್ಸು ಮರೆಯಾದದ್ದೇ ಮಳೆ ಶುರುವಾಯಿತು. ಕೊಡೆ ಬಸ್ಸಿನಲ್ಲೇ ಉಳಿದಿತ್ತು.

ಮರುದಿನ ಕಂಡಕ್ಟರು ಕೊಡೆ ಕೊಡುತ್ತಾ, "ಅಕ್ಕ, ಇವತ್ತು ಇಂಗ್ಲಿಷಲ್ಲಿ ಎಲ್ಲಿ ಇಳೀತೀರಿ?" ಅಂದ.

ಉಸಿರಿನ ಪಾಠ

ಇಷ್ಟೆಲ್ಲ ಹೆಕ್ಕಿ ಹೆಕ್ಕಿ ತಲೆ ಧಿಮ್ಮೆನ್ನಲು ಶುರುವಾಯಿತು. ನಿದ್ದೆ ಇಲ್ಲ, ಕೂತರೆ ಕಾಲು ಕುಣಿಯುತ್ತದೆ. ಕ್ಲಿನಿಕ್ಕಿನ ನರ್ಸಮ್ಮ, "ಭ್ರಾಮರಿ ಪ್ರಾಣಾಯಾಮ ಮಾಡಿ, ಮನಸ್ಸು ತಣ್ಣಗಾಗ್ತದೆ" ಅಂದರು. ಕಿವಿ ಮುಚ್ಚಿ, ದುಂಬಿಯ ಹಾಗೆ ಮ್ಮ್ ಅಂತ ದನಿ ಹೊರಡಿಸುವುದು. ಡಾಕ್ಟರು ಬರುವ ಮೊದಲು ಸ್ವಲ್ಪ ಬಿಡುವಿತ್ತು. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಸ್ಟೂಲು ಹಾಕಿ ಕೂತು, ಕಣ್ಣು ಕಿವಿ ಎರಡೂ ಮುಚ್ಚಿ ಶುರುಮಾಡಿದೆ. ಟೊಳ್ಳು ಜಾಗ, ದನಿ ಚೆನ್ನಾಗಿಯೇ ಮೊಳಗಿರಬೇಕು.

ನಿಜಕ್ಕೂ ಮನಸ್ಸು ತಣ್ಣಗಾಯಿತು. ಕಣ್ಣು ಬಿಟ್ಟು ಹೊರಗೆ ಬಂದರೆ ಬೆಂಚುಗಳೆಲ್ಲ ಖಾಲಿ! ಚಪ್ಪಲಿಗಳು ಮಾತ್ರ ಬಿದ್ದಿವೆ. ರೋಗಿಗಳೆಲ್ಲ ರಸ್ತೆಯ ಆಚೆ ಬದಿಯಲ್ಲಿ ತಲೆಗೆ ಶಾಲು, ಟವೆಲು ಹೊದ್ದು ನಿಂತಿದ್ದಾರೆ. ಕಸ ಗುಡಿಸುವ ಅಮ್ಮ ಅಲ್ಲಿಂದಲೇ ಕೂಗಿದರು, "ಓಡಿ ಬನ್ನಿ! ಮೆಟ್ಟಿಲಡಿ ಹೆಜ್ಜೇನು ಕೂತಿದೆ!"

ಅಷ್ಟರಲ್ಲಿ ಡಾಕ್ಟರು ಬಂದರು. ನಾನು ತಲೆ ತಗ್ಗಿಸಿ ಇದ್ದದ್ದು ಹೇಳಿದೆ. ಅವರ ಕಣ್ಣು ಗುಂಪಿನ ಮುಂದೆ ನಿಂತಿದ್ದ ಒಬ್ಬ ಯಜಮಾನರ ಮೇಲೆ ಬಿತ್ತು. ಮಂಡಿನೋವೆಂದು ಮಗನ ಹೆಗಲು ಹಿಡಿದೇ ಬರುತ್ತಿದ್ದವರು, ಎಲ್ಲರಿಗಿಂತ ಮೊದಲು ರಸ್ತೆ ದಾಟಿದ್ದರು.

"ನಾನು ಬರೆದ ಮಾತ್ರೆಯಲ್ಲಿ ಆಗದ್ದು ನಿಮ್ಮ ಉಸಿರಿನಲ್ಲಿ ಆಯ್ತಲ್ಲ" ಅಂದರು ಡಾಕ್ಟರು.

ಮೀನಿನ ಗಾಡಿಯ ಮಲಯಾಳ

ಇನ್ನು ಮಲಯಾಳ. ನಮ್ಮ ಬಸ್‌ಸ್ಟಾಪಿನ ಹತ್ತಿರ ಕೇರಳ ಕಡೆಯ ಕಾಕಾ ಒಬ್ಬರು ಮೀನಿನ ಗಾಡಿ ನಿಲ್ಲಿಸುತ್ತಾರೆ. "ಕಲಿಸುವುದೆಂತ? ಇಲ್ಲಿ ನಿಂತು ಕೇಳಿ, ತನ್ನಷ್ಟಕ್ಕೆ ಬರ್ತದೆ" ಅಂದರು. ಬಸ್ಸು ಬರುವ ತನಕ ಅವರು ಗಿರಾಕಿಗಳ ಜೊತೆ ಆಡುವ ಮಾತನ್ನೆಲ್ಲ ಬಾಯಿಪಾಠ ಮಾಡಿದೆ. ಮತ್ತಿ ಮೀನು ತೊಳೆಯುತ್ತಾ ಹೇಳಿಕೊಂಡೆ, ಹಾಲು ಕರೆಯುತ್ತಾ ಹೇಳಿಕೊಂಡೆ.

ಒಂದು ದಿನ ಡಾಕ್ಟರು ಒಳಗೆ ಕರೆದರು. ಎದುರಿಗೆ ಒಬ್ಬ ವಯಸ್ಸಾದ ಅಮ್ಮ, ಹಣೆ ಒತ್ತಿಕೊಂಡು ಮಲಯಾಳದಲ್ಲಿ ನರಳುತ್ತಿದ್ದಾರೆ.

"ಮಲಯಾಳ ಕಲೀತಿದ್ದೀರಂತಲ್ಲ. ಇವರಿಗೆ ಏನಾಗಿದೆ ಕೇಳಿ."

ಇದೇ ನನ್ನ ಪರೀಕ್ಷೆ ಅಂತ ಗೊತ್ತಾಯಿತು. ಅಮ್ಮ ನನ್ನ ಕಡೆ ತಿರುಗಿ, "ತಲವೇದನ, ಮೋಳೆ" ಅಂದರು. ತಲೆನೋವು, ಮಗಳೇ ಅಂತ. ತಲ! ಅದು ನನಗೆ ಚೆನ್ನಾಗಿ ಗೊತ್ತಿರುವ ಪದ. ಬಾಯಿಗೆ ಬಂದದ್ದು ಹೊರಗೆ ಬಿತ್ತು:

"ತಲ ಕಳಯಣೋ?"

ತಲೆ ತೆಗೆಯಬೇಕಾ ಅಂತ! ಅಮ್ಮನ ನರಳಾಟ ಗಕ್ಕನೆ ನಿಂತಿತು. ತಪ್ಪಾಯಿತು, ಸರಿ ಮಾಡಬೇಕು ಅಂತ ಇನ್ನೊಂದು ಹೇಳಿದೆ: "ಚೆರಿಯ ಕಷ್ಣಂ ಮದಿಯೋ?" ಸಣ್ಣ ತುಂಡು ಸಾಕಾ?

"ಏನಂತೆ?" ಅಂದರು ಡಾಕ್ಟರು. ನನಗೆ ಅಳುವೇ ಬಂತು.

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಆಮೇಲೆ ಅಚ್ಚ ಕನ್ನಡದಲ್ಲಿ ತಮ್ಮ ತಲೆನೋವನ್ನೂ ನನ್ನ ಮೀನಿನ ಗಾಡಿಯ ಮಾತನ್ನೂ ಡಾಕ್ಟರಿಗೆ ಬಿಡಿಸಿ ಹೇಳಿದರು. "ಮದುವೆ ಆದಾಗಿಂದ ನಾನು ಚೆಟ್ಟಳ್ಳಿಯ ಎಸ್ಟೇಟಿನಲ್ಲೇ ಇರುವುದು ಡಾಕ್ಟ್ರೇ, ಕನ್ನಡ ಬರ್ತದೆ. ನೋವಿಗೆ ಮಾತ್ರ ಬಾಯಲ್ಲಿ ಅಮ್ಮನ ಭಾಷೆ ಬರುವುದು."

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಾನು ಯಾವ ಹುಡುಗಿಯನ್ನೂ ಹುಡುಕುವುದಿಲ್ಲ. ನೀವು ಕನ್ನಡದಲ್ಲೇ ಕೇಳಿ ಮಾರಾಯ್ತಿ, ದಮ್ಮಯ್ಯ" ಅಂದರು.

ಔಷಧಿಯ ಚೀಟಿ ಹಿಡಿದು ಹೊರಟ ಅಮ್ಮ ಬಾಗಿಲ ಹತ್ತಿರ ನಿಂತು, ತುಂಬಿದ ಬೆಂಚುಗಳಿಗೆಲ್ಲ ಕೇಳುವ ಹಾಗೆ ನನಗೆ ಹೇಳಿದರು:

"ನನಗೆ ತಲೆ ತೆಗೀಬೇಡ ಮೋಳೆ. ತೊಳೆದು ಹಾಗೇ ಕೊಡು."