ಒರೆಸಿದರೂ ಹೋಗದ ಮೂರು ಪಟ್ಟೆ

ನಾನು ನಾಸ್ತಿಕ. ಕೊಳ್ಳೇಗಾಲದಲ್ಲಿ ಇದು ಎಲ್ಲರಿಗೂ ಗೊತ್ತು, ಯಾಕೆಂದರೆ ನಾನೇ ಎಲ್ಲರಿಗೂ ಹೇಳಿದ್ದೇನೆ! ಶಾಗ್ಯ ಹಳ್ಳಿಯ ಗೆಳೆಯ ಮಾದೇವನೂ ನಾನೂ ಇಪ್ಪತ್ತು ವರ್ಷ ಜೋಡಿಯಾಗಿ ಹಾಸ್ಯ ಕಾರ್ಯಕ್ರಮ ಕೊಟ್ಟವರು. ಅವನು ಬೆಟ್ಟದ ದೇವರು ಮಾದಪ್ಪನ ಒಕ್ಕಲು, ಪರಮ ಭಕ್ತ. ವೇದಿಕೆ ಹತ್ತುವ ಮುಂಚೆ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಬೇಡ ಬೇಡ ಎಂದರೂ ನನ್ನ ಹಣೆಗೆ ಮೂರು ಪಟ್ಟೆ ಎಳೆಯುತ್ತಿದ್ದ. ನಾನು ಜನರೆದುರು ಅದನ್ನು ಟವೆಲಿನಿಂದ ಒರೆಸುತ್ತಿದ್ದೆ. ಅವನು ಮತ್ತೆ ಬಳಿಯುತ್ತಿದ್ದ. ನಾವು ಒಂದು ಮಾತೂ ಆಡದೆಯೇ ಸಭೆಯಲ್ಲಿ ನಗು ಸಿಡಿಯುತ್ತಿತ್ತು!

ಹೋದ ವರ್ಷ ಮಾದೇವ ತೀರಿಕೊಂಡ. ಹೋದ ತಿಂಗಳು ಹನೂರಿನಲ್ಲಿ ನನ್ನ ಮೊದಲ ಒಂಟಿ ಕಾರ್ಯಕ್ರಮ. ಅವನ ಹೆಂಡತಿ ರಾಜಮ್ಮನೂ ಬರುತ್ತಾಳೆಂದು ತಿಳಿಯಿತು. ಅವಳನ್ನು ಒಂದು ಸಲ ನಗಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ.

"ವಿಭೂತಿ ತಕಂಡ್ರಾ?" ಹೊರಡುವಾಗ ನನ್ನ ಹೆಂಡತಿ ಸುಶೀಲ ಕೇಳಿದಳು.

"ನಾಸ್ತಿಕಂಗೆ ಯಾಕೆ ವಿಭೂತಿ? ಮಾತಲ್ಲೇ ನಗಿಸ್ತೀನಿ ಕಣಮ್ಮಿ!" ಎಂದು ಗತ್ತಿನಿಂದ ಬಸ್ಸು ಹತ್ತಿದೆ.

ಪರದೆಯ ಹಿಂದೆ ನಿಂತಾಗ ಅಭ್ಯಾಸಬಲದಿಂದ ಹಣೆ ಮುಂದೆ ಮಾಡಿದೆ. ಬಳಿಯುವವನಿಲ್ಲ. ಒರೆಸಲು ವಿಭೂತಿಯೇ ಇಲ್ಲದಿದ್ದರೆ ನಾನೆಂಥ ನಾಸ್ತಿಕ? ಯಾರನ್ನಾದರೂ ಕೇಳೋಣವೆಂದರೆ ಮರ್ಯಾದೆ ಪ್ರಶ್ನೆ. ಅಷ್ಟರಲ್ಲಿ ಮೈಕಿನವರ ಎಲೆಅಡಿಕೆ ಚೀಲ ಕಣ್ಣಿಗೆ ಬಿತ್ತು. ವಿಭೂತಿಯೂ ಬಿಳಿ, ಸುಣ್ಣವೂ ಬಿಳಿ. ವೈಚಾರಿಕ ಮನೋಭಾವವೆಂದರೆ ಇದೇ! ದಪ್ಪಗೆ ಮೂರು ಪಟ್ಟೆ ಎಳೆದುಕೊಂಡೆ.

ವೇದಿಕೆ ಹತ್ತಿ ಎರಡು ನಿಮಿಷಕ್ಕೆ ಹಣೆ ಧಗಧಗ ಉರಿಯಿತು. ಒರೆಸಿದರೆ ಕಣ್ಣಿಗಿಳಿದೀತೆಂಬ ಭಯ. ಟವೆಲು ಹಿಡಿದು ಕುಣಿದೆ, ತಲೆ ಕೊಡವಿದೆ, ಕಿರುಚಿದೆ. ಒಬ್ಬರೂ ನಗಲಿಲ್ಲ.

"ಮೈಮ್ಯಾಕೆ ಮಾದಪ್ಪ ಬಂದವ್ನೆ ಕಣ್ರಪ್ಪಾ!" ಯಾರೋ ಕೂಗಿದರು. ಸಭೆ ಎದ್ದು ನಿಂತು "ಉಘೇ! ಉಘೇ!" ಎಂದು ಜೈಕಾರ ಹಾಕಿತು.

"ಸುಣ್ಣ! ಸುಣ್ಣ!" ಎಂದು ಚೀರಿದೆ.

"ಸ್ವಾಮಿ ಎಲೆಅಡಿಕೆ ಕೇಳ್ತಾವ್ನೆ, ಬಿರ್ರನೆ ತನ್ನಿ!" ತಟ್ಟೆ ಬಂದೇ ಬಿಟ್ಟಿತು. ಅದರಲ್ಲಿ ಇನ್ನಷ್ಟು ಸುಣ್ಣ!

ಆಗ ರಾಜಮ್ಮ ಮುಂದೆ ಬಂದು ಕೈಮುಗಿದಳು.

"ಸ್ವಾಮಿ, ಅಲ್ಲಿ ನಮ್ಮೆಜಮಾನ್ರು ಚೆಂದಾಗವ್ರಾ?"

'ಅಲ್ಲಿ' ಎಂಬ ಜಾಗವೇ ಇಲ್ಲವೆಂದು ಮಾದೇವನ ಜೊತೆ ಇಪ್ಪತ್ತು ವರ್ಷ ವಾದ ಮಾಡಿದವನು ನಾನು. ಆ ಗಳಿಗೆಯಲ್ಲಿ ಮಾತ್ರ ಅಂಥದೊಂದು ಜಾಗ ಇದ್ದಿದ್ದರೆ, ಅವನು ಅಲ್ಲಿ ಕೂತು ನನ್ನ ಅವಸ್ಥೆ ನೋಡುತ್ತಿದ್ದರೆ ಎಂದು ತುಂಬ ಆಸೆಯಾಯಿತು.

"ಚೆಂದಾಗವ್ನೆ ಕಣವ್ವಾ," ಎಂದೆ. "ನಗ್ತಾವ್ನೆ."

ಆಮೇಲೆ ಪರದೆಯ ಹಿಂದೆ ರಾಜಮ್ಮನೇ ನನ್ನ ಹಣೆ ತೊಳೆದು ಕೊಬ್ಬರಿ ಎಣ್ಣೆ ಸವರಿದಳು.

"ಸುಣ್ಣ ಅಂತ ನಂಗೊತ್ತಿತ್ತು ಕಣಣ್ಣಾ. ಆದ್ರೂವೆ ಒಂದ್ಸಲ ಕೇಳ್ಬೇಕು ಅನ್ನಿಸ್ತು," ಎಂದವಳು ಕಣ್ಣೊರೆಸಿಕೊಳ್ಳುತ್ತಲೇ ಫಕ್ಕನೆ ನಕ್ಕಳು.

ಸುಟ್ಟ ಗುರುತು ಮೂರು ಪಟ್ಟೆಯಾಗಿ ಹಣೆಯ ಮೇಲೆ ಉಳಿದಿದೆ. ಬೀದಿಯಲ್ಲಿ ಜನ ಕೈಮುಗಿಯುತ್ತಾರೆ. ದಿನಾ ಬೆಳಿಗ್ಗೆ ಕನ್ನಡಿಯೆದುರು ನಿಂತು ಟವೆಲಿನಿಂದ ಒರೆಸುತ್ತೇನೆ. ಹೋಗುವುದಿಲ್ಲ. ಇಪ್ಪತ್ತು ವರ್ಷದ ಜಗಳದಲ್ಲಿ ಕೊನೆಗೂ ಮಾದೇವನೇ ಗೆದ್ದ!