ಗುಂಡು ಅತ್ತೆಯದು, ಗುರಿ ಮಾಮಾನದು

ನಮ್ಮ ಸೋದರತ್ತೆ ಈವರೆಗೆ ಸಾವಿರಾರು ಜನರನ್ನು ಕೊಂದಿದ್ದಾರೆ. ಆದರೆ ಒಬ್ಬನೇ ಒಬ್ಬನನ್ನೂ ಏಕಾದಶಿಯ ದಿನ ಕೊಂದಿಲ್ಲ!

ಗಾಬರಿಯಾಗಬೇಡಿ, ಕೊಂದದ್ದೆಲ್ಲ ಕಂಪ್ಯೂಟರಿನ ಆಟದೊಳಗೆ. ಆಟದ ಹೊರಗೆ ಅವರ ಕೈಗೆ ಸಿಕ್ಕವರು ಜೀವಂತ ಉಳಿಯುತ್ತಿದ್ದರು ನಿಜ, ಆದರೆ ಅದನ್ನು ಬದುಕು ಎನ್ನುವುದು ಕಷ್ಟ. ಸುತ್ತು ಹಾಕಿಸಿ ಕರೆತಂದ ರಿಕ್ಷಾದವನು, ಹಾಲಿಗೆ ನೀರು ಬೆರೆಸಿದವನು, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಬಾಗಿಲು ಬಡಿದ ಸೇಲ್ಸ್‌ಮನ್, ಎಲ್ಲರಿಗೂ ಮರಾಠಿಯಲ್ಲಿ ಸಹಸ್ರನಾಮದ ಅರ್ಚನೆ ಆಗುತ್ತಿತ್ತು. ಕನ್ನಡದ ಬೈಗುಳಗಳನ್ನು ಮಾತ್ರ ಅವರು ಹೊರಗಿನವರ ಮೇಲೆ ಪೋಲು ಮಾಡುತ್ತಿರಲಿಲ್ಲ, ಅವು ಮನೆಯವರಿಗೆ ಮೀಸಲು. ಮನೆಯವರೆಂದರೆ ಯಾರು? ಒಬ್ಬರು ಮಾಮಾ, ಅಂದರೆ ಅತ್ತೆಯ ಗಂಡ. ಇನ್ನೊಬ್ಬ ನಾನು. ಮಾಮಾನ ಜೊತೆ ಅತ್ತೆ ಮಾತು ಬಿಟ್ಟಿದ್ದರಿಂದ ಅವರ ಪಾಲಿನದೂ ನನಗೇ ಸಲ್ಲುತ್ತಿತ್ತು!

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ಪುಣೆಗೆ ಬಂದೆ. ರಾಂಜಣಗಾಂವದಲ್ಲಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಊಟ, ವಸತಿ ಮತ್ತು ಬೈಗುಳ ಸದಾಶಿವ ಪೇಠೆಯ ಅತ್ತೆಯ ಮನೆಯಲ್ಲಿ. ಹಳೆಯ ವಾಡೆಯೊಂದರ ಮೊದಲ ಮಹಡಿಯದು. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ, ಮುಂದಿನ ದೊಡ್ಡ ಕೋಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್. ಅತ್ತೆ ಕಲಿಸುವುದು, ಮಾಮಾ ಫೀ ಪಾವತಿ, ಅಂದರೆ ರಸೀದಿ, ಹರಿಯುವುದು. ಅತ್ತೆಯ ಶಾಸ್ತ್ರದಲ್ಲಿ ಒಂದೇ ಸೂತ್ರ: ಹತ್ತು ಬೆರಳೂ ಕೀಲಿಗಳ ಮೇಲೆ ತಮ್ಮ ತಮ್ಮ ಜಾಗದಲ್ಲಿರಬೇಕು. ನಡುವೆ ಕೈ ಎತ್ತಿ ಮೂಗು ತುರಿಸಿಕೊಂಡರೂ ಫುಟ್‌ಪಟ್ಟಿಯ ಏಟು.

ಅತ್ತೆ ಒಮ್ಮೆ ಮದುವೆಗೆಂದು ಊರಿಗೆ ಹೋಗಿದ್ದಾಗ ಮಾಮಾ ಟೈಪ್‌ರೈಟರುಗಳನ್ನೆಲ್ಲ ಗುಜರಿಯವನಿಗೆ ತೂಗಿ ಕೊಟ್ಟು, ಆ ಜಾಗದಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರುಗಳನ್ನು ಕೂರಿಸಿಬಿಟ್ಟರು. ಇನ್ನು ಟೈಪಿಂಗ್ ಕಲಿಯಲು ಯಾರು ಬರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಲೆಕ್ಕ ಸರಿಯೇ ಇತ್ತು. ಆದರೆ ಹೆಂಡತಿಯನ್ನು ಕೇಳದೆ ಮಾಡಿದ ಸರಿಗಿಂತ ಕೇಳಿ ಮಾಡಿದ ತಪ್ಪೇ ವಾಸಿ ಎಂಬುದು ಮದುವೆಯಾದ ಯಾರಿಗೆ ಗೊತ್ತಿಲ್ಲ? ಅತ್ತೆ ಬಂದರು, ಬಾಗಿಲಲ್ಲೇ ನಿಂತು ನೋಡಿದರು, ಒಂದು ಮಾತೂ ಆಡಲಿಲ್ಲ. ಆಮೇಲೆ ವರ್ಷಗಟ್ಟಲೆ ಆಡಲಿಲ್ಲ!

ನಾನು ಆ ಮನೆಗೆ ಸೇರುವ ಹೊತ್ತಿಗೆ ಈ ಮೌನ ಗಟ್ಟಿಯಾಗಿ ಬೇರು ಬಿಟ್ಟಿತ್ತು. ಊಟಕ್ಕೆ ಕೂತರೆ ನಾನು ನಡುವೆ.

"ಅವರಿಗೆ ಹೇಳು, ಸಾರು ಆರಲಿಕ್ಕತ್ತದ ಅಂತ."

ಒಂದು ಮೊಳ ದೂರದಲ್ಲಿ ಕೂತ ಮಾಮಾ: "ಆಕಿಗೆ ಹೇಳು, ನನಗ ಇನ್ನೂ ಕಿವಿ ಅದಾವ ಅಂತ."

"ಕಿವಿ ಇದ್ದಾವರು ಹೆಂಡತಿ ಮಾತು ಕೇಳಿ ಮಶಿನ್ ಮಾರತಾರ ಅಂತ ಹೇಳು."

ಕಾರ್ಖಾನೆಯ ಬಸ್ಸಿನಲ್ಲಿ ಅಲುಗಾಡಿ ಅಲುಗಾಡಿ ಸತ್ತು ಸುಣ್ಣವಾಗಿ ಬಂದವನಿಗೆ ಈ ಅಂಚೆಯವನ ಕೆಲಸ! ಎಷ್ಟೋ ಸಲ ತಾಟು ಎತ್ತಿ ಎಸೆಯಬೇಕೆನ್ನಿಸಿದೆ. ಸಾರು ಚೆನ್ನಾಗಿರುತ್ತಿದ್ದುದರಿಂದ ಎಸೆಯಲಿಲ್ಲ.

ಇಂಥ ಮನೆಗೆ ಆಟ ಹೇಗೆ ಬಂತು? ಕಂಪ್ಯೂಟರ್ ಕಲಿಯಲು ಬಂದ ಕಾಲೇಜು ಹುಡುಗರು ಅದನ್ನು ತುಂಬಿದರು. ಎರಡು ತಂಡ, ನಡುವೆ ಒಂದು ಪಾಳು ಕೋಟೆ, ಎಲ್ಲರ ಕೈಯಲ್ಲೂ ಬಂದೂಕು, ಒಬ್ಬರ ಬಾವುಟವನ್ನು ಇನ್ನೊಬ್ಬರು ಹಾರಿಸಿಕೊಂಡು ಬರಬೇಕು. ಅತ್ತೆಗೆ ಸಿಟ್ಟು ಬಂದದ್ದು ಹುಡುಗರು ಆಡುತ್ತಿದ್ದಾರೆಂದಲ್ಲ. "ಬೆರಳು ಹೆಂಗ ಇಟ್ಟೀ? ಏಳು ಮ್ಯಾಲೆ!" ಎಂದು ಒಬ್ಬನನ್ನು ಎಬ್ಬಿಸಿ, ಬೆರಳಿಡುವ ಕ್ರಮ ತೋರಿಸಲು ತಾವೇ ಕೂತರು. ಆಮೇಲೆ ಅವರನ್ನು ಎಬ್ಬಿಸುವವರು ಯಾರು?

ಒಂದೇ ತೊಡಕು. ಈ ಆಟದಲ್ಲಿ ಕೀಲಿ ಒತ್ತಿದರೆ ಒಳಗಿನ ಮನುಷ್ಯ ನಡೆಯುತ್ತಾನೆ, ಮೌಸು ಹೊರಳಿಸಿದರೆ ಅವನ ತಲೆ ಹೊರಳುತ್ತದೆ. ಮೌಸು ಹಿಡಿಯಬೇಕೆಂದರೆ ಕೀಲಿಯಿಂದ ಕೈ ಎತ್ತಬೇಕು. ಅತ್ತೆ ಕೈ ಎತ್ತುವುದೇ? "ನಡುವ ಕೈ ಎತ್ತಿದವರನ್ನ ನಾ ಜನ್ಮದಾಗ ಪಾಸ್ ಮಾಡಿಲ್ಲ!" ಎಂದರು. ಹೀಗಾಗಿ ಅವರ ಸಿಪಾಯಿ ಗಾಣದೆತ್ತಿನ ಹಾಗೆ ನೆಟ್ಟನೋಟದಲ್ಲಿ ಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ, ಹುಡುಗರು ಹಿಂದಿನಿಂದ ಬಂದು ಹೊಡೆಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಪಾವತಿ ಹರಿಯುತ್ತಿದ್ದ ಮಾಮಾ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಕುರ್ಚಿಯನ್ನು ಸದ್ದಿಲ್ಲದೆ ಎಳೆದುಕೊಂಡು ಬಂದು ಮೌಸಿನ ಮೇಲೆ ಕೈಯಿಟ್ಟರು.

ಅಂದಿನಿಂದ ಇಬ್ಬರೂ ಕೂಡಿ ಒಬ್ಬ ಸಿಪಾಯಿಯಾದರು. ಅತ್ತೆ ನಡೆಸುವುದು, ಮಾಮಾ ನೋಡುವುದು. ಗುಂಡು ಹಾರಿಸುವ ಅಧಿಕಾರವನ್ನು ಮಾತ್ರ ಅತ್ತೆ ಬಿಟ್ಟುಕೊಡಲಿಲ್ಲ. ಹುಡುಗರಿಗೆ ಹೇಳಿ ಅದನ್ನು ಹೆಬ್ಬೆರಳಿನ ಕೆಳಗಿನ ಉದ್ದ ಕೀಲಿಗೆ ಹಾಕಿಸಿಕೊಂಡರು. ಏಕಾದಶಿಗೆ ಉಪವಾಸ, ಗುಂಡೂ ಬಂದ್, ಬಾವುಟ ಹೊರುವ ಸೇವೆ ಮಾತ್ರ. ದ್ವಾದಶಿಯ ಪಾರಣೆ ಮುಗಿಸಿ ಬಂದು ಕೂತರೆಂದರೆ ಎದುರಿಗೆ ಕೂಡಲು ಗಂಡೆದೆ ಬೇಕಾಗುತ್ತಿತ್ತು!

ಮತ್ತೆ ಮಾತು? ಅದೇ ನೋಡಿ ಸೋಜಿಗ.

"ಎಡಕ್ಕ ನೋಡ್ರಿ! ಎಡಕ್ಕ!"

"ನೋಡೇನಿ, ನೀ ಮೊದಲ ನಿಂದರು!"

"ಮ್ಯಾಲೆ ಯಾವನೋ ಇದ್ದಾನ!"

"ಹೊಡಿ! ಅವನ ಮಾರಿ ಏನು ನೋಡತಿ, ಹೊಡಿ!"

ಮಧ್ಯಸ್ಥರಿಲ್ಲದ ನೇರ ಮಾತು! ಆಟ ಮುಗಿದು ಪರದೆ ಕಪ್ಪಾಯಿತೋ, ಮಾತೂ ಬಂದ್. ಮತ್ತೆ "ಅವರಿಗೆ ಹೇಳು", ಮತ್ತೆ ನಾನು ನಡುವೆ.

ಆಟ ಮಾಡಿದ ಕಂಪನಿ ಪರದೇಶದ್ದು. ಅದರ ಪುಣೆಯ ಏಜೆಂಟರು ವರ್ಷಕ್ಕೊಮ್ಮೆ ಮದುವೆ ಹಾಲ್ ಬಾಡಿಗೆಗೆ ಹಿಡಿದು ಸ್ಪರ್ಧೆ ನಡೆಸುತ್ತಿದ್ದರು. ಬಹುಮಾನದ ಆಸೆಗೆ ಹುಡುಗರು ವರ್ಷವಿಡೀ ಅತ್ತೆಯ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಮ್ಮ ಜೋಡಿಯೂ ಹೋಗುತ್ತಿತ್ತು. ಒಂದೇ ಯಂತ್ರಕ್ಕೆ ಇಬ್ಬರು ಕೂತರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ, ನಗುತ್ತಿದ್ದರು. ಒಮ್ಮೆ ಸೆಮಿಫೈನಲ್‌ಗೆ ಬಂದಾಗ ನಗು ನಿಂತಿತು.

ಆಮೇಲೆ ಕಂಪನಿ ಹೊಸ ಆಟ ಹೊರತಂದಿತು. ಸ್ಪರ್ಧೆ ಇನ್ನು ಹೊಸದಕ್ಕೆ ಮಾತ್ರ, ಹಳೆಯದಕ್ಕೆ ಒಂದು ಕಪ್ ಚಹಾದ ಖರ್ಚೂ ಇಲ್ಲ ಎಂದಿತು. ಅತ್ತೆಯ ಹಳೆಯ ಯಂತ್ರಗಳಲ್ಲಿ ಹೊಸ ಆಟ ಓಡುತ್ತಿರಲಿಲ್ಲ. ಬಹುಮಾನವಿಲ್ಲದ ಆಟವನ್ನು ಯಾವ ಹುಡುಗ ಆಡುತ್ತಾನೆ? ಒಬ್ಬೊಬ್ಬರಾಗಿ ರಸ್ತೆಯಾಚೆಯ ಎ.ಸಿ. ಹಾಕಿದ ಹೊಸ ಗೇಮ್ ಪಾರ್ಲರಿಗೆ ಹೋದರು. ಎದುರಾಳಿಗಳಿಲ್ಲದೆ ಆಟ ನಿಂತಿತು. ಆಟ ನಿಂತಿದ್ದೇ ತಡ, ಮನೆಯಲ್ಲಿ ಆ ನಾಲ್ಕು ಮಾತೂ ನಿಂತವು. ಅವರಿಬ್ಬರು ಕಳೆದುಕೊಳ್ಳುತ್ತಿರುವುದು ಏನೆಂದು ನನಗೆ ಆಗ ಗೊತ್ತಾಯಿತು. ಅತ್ತೆಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ, ಏಕೆಂದರೆ ಅವರ ಸಿಟ್ಟು ಆಗ ಮುಟ್ಟಿದ ಮಟ್ಟವನ್ನು ನಾನು ಮುಂಚೆ ಕಂಡಿರಲಿಲ್ಲ.

"ಆಟ ಮಾರಿ ರೊಕ್ಕಾ ಎಣಿಸಿಕೊಂಡಾರಲ್ಲ, ಈಗ ಅದನ್ನ ಸಾಕಬೇಕೋ ಬ್ಯಾಡೋ?"

ನಾನು ಕಾರ್ಖಾನೆಯವನ ಬುದ್ಧಿ ಹೇಳಹೋದೆ. "ಅತ್ಯಾ, ನಾವೂ ಹಳೇ ಮಾಡೆಲ್ಲಿನ ಪಂಪು ಬಿಟ್ಟು ಹೊಸಾದು ಮಾಡತೇವಿ. ವ್ಯಾಪಾರ ಅದು."

"ಪಂಪು ತಗೊಂಡಾವ ಮನ್ಯಾಗ ಒಬ್ಬನ ನೀರು ಎತ್ತತಾನ. ಇದು ಹಂಗಲ್ಲ. ಎದುರಿಗೊಬ್ಬ ಇಲ್ದ ಇದು ಆಟನ ಅಲ್ಲ. ಅವರು ಮಾಡಿದ್ದು ಬರೇ ಅರ್ಧಾ, ಉಳಿದರ್ಧಾ ಆಡಾವರು ಮಾಡ್ಯಾರ. ಅರ್ಧಾ ನಮ್ಮದನ್ನ ಅವರು ಹೆಂಗ ಬಂದ್ ಮಾಡತಾರ?"

ಆವತ್ತಿನಿಂದ ನನಗೂ ಆ ಕಂಪನಿಯ ಮೇಲೆ ಸಿಟ್ಟು. ಜನರಿಗೆ ಚಟ ಹಚ್ಚುವುದು, ಆಮೇಲೆ ಕಾಲ ಬದಲಾಯಿತು ಎಂದು ಕೈ ಝಾಡಿಸುವುದು! ಕಾಲ ತಾನಾಗಿ ಬದಲಾಯಿತೇ? ಬದಲಾಯಿಸಿದವರು ಯಾರು?

ಅತ್ತೆ ನ್ಯಾಯ ಕೇಳುವ ಮಾರ್ಗ ಪಕ್ಕಾ ಪುಣೆಯದು. ಗಣಪತಿ ಮಂಡಳದವರು ವರ್ಗಣಿ, ಅಂದರೆ ಚಂದಾ, ಎತ್ತುತ್ತಾರಲ್ಲ, ಹಾಗೆಯೇ ಒಂದು ಪಾವತಿ ಪುಸ್ತಕ ಹಿಡಿದು, ಇಂಗ್ಲಿಷಿಗೆ ನನ್ನನ್ನು ಎಳೆದುಕೊಂಡು ಏಜೆಂಟರ ಆಫೀಸಿಗೆ ನಡೆದರು. ಟೈ ಕಟ್ಟಿದ ಮ್ಯಾನೇಜರ್ ನಯವಾಗಿ, "ಆಂಟೀ, ತೋ ಗೇಮ್ ಆತಾ ಜುನಾ ಝಾಲಾ" ಎಂದ. ಆಟ ಹಳತಾಯಿತಂತೆ!

"ಗಣಪತೀ ಪಣ ಜುನಾಚ ಆಹೇ ಕೀ! ದರ ವರ್ಷೀ ಬಸವತಾ ನಾ?" ಎಂದರು ಅತ್ತೆ. ಗಣಪತಿಯೂ ಹಳಬನೇ, ವರ್ಷ ವರ್ಷ ಕೂರಿಸುವುದಿಲ್ಲವೇ? ಪುಣೆಯಲ್ಲಿ ಕೂತು ಈ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ? ಅವನು ನೀರು ಕುಡಿದ.

ನೀರು ಕುಡಿದನೇ ಹೊರತು ಒಪ್ಪಲಿಲ್ಲ. ಅತ್ತೆ ಪ್ರತಿ ಶನಿವಾರ ಹೋಗಿ ಬಾಗಿಲ ಬಳಿಯ ಸೋಫಾದಲ್ಲಿ ಪಾವತಿ ಪುಸ್ತಕ ಬಿಚ್ಚಿ ಕೂಡತೊಡಗಿದರು. ಬಂದ ಗಿರಾಕಿಗಳು ಮಂಡಳದವರೆಂದು ತಿಳಿದು ಹತ್ತಿಪ್ಪತ್ತು ರೂಪಾಯಿ ಕೊಟ್ಟು ಕೈಮುಗಿದು ಒಳಗೆ ಹೋಗುತ್ತಿದ್ದರು. ತನ್ನ ಕಂಪನಿಗೆ ಬಂದವರೇ ತನ್ನ ಕಂಪನಿಯ ಪರವಾಗಿ ಚಂದಾ ಕೊಡುವುದನ್ನು ಮ್ಯಾನೇಜರ್ ಎಷ್ಟು ದಿನ ನೋಡಿಯಾನು? ಕೊನೆಗೆ ಹಳೆಯ ಆಟಕ್ಕೂ ಒಂದು ಸ್ಪರ್ಧೆ ಎಂದು ಒಪ್ಪಿಗೆಯಾಯಿತು. ಬಹುಮಾನ ಕಂಪನಿಯದು, ಜಾಗ ಮತ್ತು ಯಂತ್ರ ಅತ್ತೆಯವು.

ಆ ದಿನ ಕೋಣೆ ತುಂಬ ಹುಡುಗರು. ಬಿಟ್ಟುಹೋದವರೆಲ್ಲ ಹಾಜರು! ಕಂಪನಿಯವರು ಗೋಡೆಗಿಂತ ದೊಡ್ಡ ಬ್ಯಾನರ್ ತಂದು ಅತ್ತೆಯ ಇನ್‌ಸ್ಟಿಟ್ಯೂಟಿನ ಬೋರ್ಡು ಮುಚ್ಚುವಂತೆ ಕಟ್ಟಿದರು. ಅತ್ತೆ ಜರಿಯಂಚಿನ ಇಳಕಲ್ ಸೀರೆ ಉಟ್ಟು ಬಂದು ಕೀಲಿಗಳ ಮೇಲೆ ಬೆರಳಿಟ್ಟರು. ಮಾಮಾ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಆಗ ಕಂಪನಿಯ ಟೀಶರ್ಟು ತೊಟ್ಟ ಅಂಪೈರ್ ಬಂದ.

"ಮ್ಯಾಡಮ್, ಏಕ್ ಮಶೀನ್, ಏಕ್ ಪ್ಲೇಯರ್. ರೂಲ್ ಹೈ."

ಅತ್ತೆ ಮರಾಠಿಯಲ್ಲಿ ಶುರು ಮಾಡಿದರು. ಅವನು ಕೈಯಲ್ಲಿನ ನಿಯಮದ ಹಾಳೆ ತೋರಿಸಿದ. ಅತ್ತೆ ಕನ್ನಡಕ್ಕಿಳಿದರು. ಹೊರಗಿನವನಿಗೆ ಕನ್ನಡ!

"ಇವಗ ಹೇಳು. ಇಲ್ಲೆ ಇಬ್ಬರಿಲ್ಲ, ಒಬ್ಬಾವ ಇದ್ದಾನ. ನಾ ನಡಸತೀನಿ, ಅವರು ನೋಡತಾರ. ಕಾಲು ಬ್ಯಾರೆ, ಕಣ್ಣು ಬ್ಯಾರೆ, ಮನುಷ್ಯಾ ಒಬ್ಬನ ಅಲ್ಲೇನು?"

ನಾನು ಹಿಂದಿಯಲ್ಲಿ ಹೇಳಿದೆ. ಹಣ ಕಂಪನಿಯದು, ಆದ್ದರಿಂದ ನಿಯಮವೂ ಕಂಪನಿಯದು ಎಂದ ಅವನು.

"ರೊಕ್ಕಾ ಕೊಡಬೇಕು, ಕೊಟ್ಟು ಸುಮ್ಮನ ಕೂಡಬೇಕು! ಗುಡಿ ದೀಪಕ್ಕ ಎಣ್ಣಿ ಕೊಟ್ಟಾವ ಪೂಜಾರಿಗೆ ಮಂತ್ರ ಕಲಸಬಾರದು!"

ಅದನ್ನು ಹಿಂದಿಗೆ ತರುವಷ್ಟು ನನ್ನ ಹಿಂದಿ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಅಷ್ಟರಲ್ಲಿ ಮಾಮಾ ಎದ್ದು ನಿಂತರು.

"ಆಕಿಗೆ ಹೇಳು, ಒಬ್ಬಾಕಿನ ಆಡು ಅಂತ. ಇದರ ಸಲುವಾಗಿ ಭಾಳ ಬಡದಾಡ್ಯಾಳ. ನಾ ಎಲ್ಲಾರಿಗೂ ಚಹಾ ಮಾಡತೀನಿ." ಕುರ್ಚಿಯನ್ನು ಗೋಡೆಗೆ ಸರಿಸಿ ಒಳಗೆ ಹೋದರು.

"ಅತ್ಯಾ, ಇವತ್ತೊಂದಿನ ಹಂಗ ಆಡಿಬಿಡ್ರಿ," ಎಂದೆ ನಾನೂ.

ಅತ್ತೆ ಕೀಲಿಗಳ ಮೇಲಿನ ತಮ್ಮ ಬೆರಳುಗಳನ್ನು ನೋಡಿದರು. ಪಕ್ಕದಲ್ಲಿ ಒಂಟಿಯಾಗಿ ಬಿದ್ದಿದ್ದ ಮೌಸನ್ನು ನೋಡಿದರು. ಎದ್ದರು, ಬಾಗಿಲ ಹಿಂದಿನ ಮೇನ್ ಸ್ವಿಚ್ಚಿನ ಬಳಿ ಹೋದರು, ಖಟ್ಟನೆ ಎಳೆದರು. ಯಂತ್ರ, ಫ್ಯಾನು, ದೀಪ ಎಲ್ಲ ಒಟ್ಟಿಗೆ ಸತ್ತವು!

"ನನ್ನ ಮನಿ, ನನ್ನ ಮಶಿನ್, ನನ್ನ ರೂಲು. ನಡೀರಿ ಎಲ್ಲಾರೂ!"

ಅಂಪೈರ್ ಬ್ಯಾನರ್ ಬಿಚ್ಚಿಕೊಂಡ. ಸ್ಪರ್ಧೆ ರಸ್ತೆಯಾಚೆಯ ಪಾರ್ಲರಿಗೆ ಹೋಯಿತು, ಹುಡುಗರೂ ಹೋದರು. ಅತ್ತೆಯ ಕೈಯ ಅವಲಕ್ಕಿ ತಿಂದು ಬೆಳೆದ ಪೋರರು, ಒಬ್ಬನಾದರೂ ಹಿಂದೆ ಉಳಿಯಬೇಡವೇ? ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೋಣೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅಡುಗೆಮನೆಯ ಬಾಗಿಲಲ್ಲಿ ಮಾಮಾ ಕಾಣಿಸಿಕೊಂಡರು. ಕೈಯಲ್ಲಿ ದೊಡ್ಡ ತಾಟು, ಅದರ ತುಂಬ ಚಹಾದ ಲೋಟಗಳು. ಖಾಲಿ ಕುರ್ಚಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಅತ್ತೆ ನನ್ನ ಕಡೆ ತಿರುಗಿ, "ಅವರಿಗೆ ಹೇಳು..." ಎಂದು ಶುರು ಮಾಡಿದವರು ತಡೆದರು. ಕೀಲಿಗಳಿಂದ ದೂರ, ಆಟವಿಲ್ಲದೆ, ಪರದೆಯಿಲ್ಲದೆ, ಸೀದಾ ಮಾಮಾನ ಮುಖ ನೋಡಿದರು.

"ಏನ್ರಿ, ನಿಮಗ ಸಿಟ್ಟು ಬಂತೇನು?"

ಮಾಮಾ ತಾಟು ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದರು.

"ಇಲ್ಲ," ಎಂದರು. "ನೀ ಒಬ್ಬಾಕಿನ ಆಡಿದ್ದರ ಬರತಿತ್ತು."

ನಾನು ಮಾಮಾನ ಕೈಯಿಂದ ತಾಟು ಇಸಿದುಕೊಂಡು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಹೊರಗೆ ಅವರಿಬ್ಬರೂ ಮಾತಾಡುತ್ತಲೇ ಇದ್ದರು.